ಬಂದೂಕಿಲ್ಲದ ಬಂಡಿ

ಕ್ರಿಸ್‌ಮಸ್ ರಜೆಗೆ ಕಾಲೇಜಿನಿಂದ ಮನೆಗೆ ಬಂದ ನಮ್ಮ ಮಗ ತನ್ನ ಜೊತೆಗೆ ಒಂದು ಯುದ್ಧವನ್ನೂ ತಂದಿದ್ದ. ಹೊರಗೆ ಮೊಣಕಾಲುದ್ದ ಹಿಮ, ಒಳಗೆ ಬೇಸ್‌ಮೆಂಟಿನ ಟೀವಿಯ ಮೇಲೆ ಕೆಂಪು ಸೈನ್ಯ, ನೀಲಿ ಸೈನ್ಯ. ಆಸ್ಪತ್ರೆಯಿಂದ ಬಂದು, ಸಾರನ್ನ ಉಂಡು, ಸ್ವಲ್ಪ ಹೊತ್ತು ವಾರ್ತೆ ನೋಡೋಣವೆಂದು ಕೆಳಗಿಳಿದರೆ ನಮಗೆ ಜಾಗವಿಲ್ಲ. "ಏನೂ ಅನ್ನಬೇಡಿ, ಎರಡೇ ವಾರಕ್ಕೆ ಬಂದಿದಾನೆ" ಎಂದು ನಮ್ಮ ಮನೆಯವರು ಮೊದಲೇ ಎಚ್ಚರಿಕೆ ಕೊಟ್ಟಿದ್ದರು. ಆದ್ದರಿಂದ ಸುಮ್ಮನೆ ಸೋಫಾದ ತುದಿಯಲ್ಲಿ ಕುಳಿತು ನೋಡಿದೆವು. ಅಂದು ಕಂಡ ಆಟ ನಮ್ಮನ್ನು ಮೂವತ್ತು ವರ್ಷ ಹಿಂದಕ್ಕೆ ಕರೆದೊಯ್ದೀತೆಂದು ಅಂದುಕೊಂಡಿರಲಿಲ್ಲ. ಅದನ್ನು ಕೂಟದ ಬಂಧುಗಳೊಡನೆ ಹಂಚಿಕೊಳ್ಳೋಣವೆಂದು ಈ ಬರಹ.

ಆಟದ ಹೆಸರು ಅಡ್ವಾನ್ಸ್ ವಾರ್ಸ್. ಜಪಾನಿನ ನಿಂಟೆಂಡೊ ಕಂಪನಿಯದು. ಚದುರಂಗದ ಹಾಗೆಯೇ ಚೌಕಗಳ ಮೇಲೆ, ಒಬ್ಬರಾದ ಮೇಲೆ ಒಬ್ಬರು ನಡೆಸಬೇಕು. ಈ ಆಟದ ಜಾತಕದಲ್ಲೇ ಯುದ್ಧದ ಕಾಟವಿದೆ. ಅಮೆರಿಕದಲ್ಲಿ ಇದು ಅಂಗಡಿಗೆ ಬಂದದ್ದು 2001ರ ಸೆಪ್ಟೆಂಬರ್ 10ರಂದು. ಮರುದಿನ ನ್ಯೂಯಾರ್ಕಿನಲ್ಲಿ ಏನಾಯಿತೆಂದು ಯಾರಿಗೂ ಹೇಳಬೇಕಾಗಿಲ್ಲ. ಆ ಕಾರಣಕ್ಕೆ ಸ್ವಂತ ನಾಡಾದ ಜಪಾನಿನಲ್ಲಿ ಆಟದ ಬಿಡುಗಡೆ ನಿಂತು, 2004ರಲ್ಲಿ ಎರಡನೆಯ ಭಾಗದೊಡನೆ ಸೇರಿ ಹೊರಬಂತು. ಹೊಸ ರೂಪವೊಂದು 2022ರ ಏಪ್ರಿಲ್‌ನಲ್ಲಿ ಬರಬೇಕಿತ್ತು. ಫೆಬ್ರವರಿಯಲ್ಲಿ ರಷ್ಯಾದ ಸೈನ್ಯ ಉಕ್ರೇನಿಗೆ ನುಗ್ಗಿತು. ಅದೂ ಮುಂದಕ್ಕೆ ಹೋಗಿ 2023ರ ಏಪ್ರಿಲ್ ಆಯಿತು. ನಿಜವಾದ ಜನ ಸಾಯುತ್ತಿರುವಾಗ ಆಟದ ಯುದ್ಧವನ್ನು ಮಾರುವುದಕ್ಕೆ ವ್ಯಾಪಾರಸ್ಥರಿಗೂ ಸಂಕೋಚವಾಯಿತು ಎಂಬುದನ್ನು ಮೆಚ್ಚಬೇಕು.

ಈ ಆಟದಲ್ಲಿ ಪ್ರತಿಯೊಂದಕ್ಕೂ ಬೆಲೆ ಇದೆ. ಕಾಲಾಳಿಗೆ 1000, ಸಾಮಾನ್ಯ ಟ್ಯಾಂಕಿಗೆ 7000, ಅದರ ಮೇಲಿನ ದೊಡ್ಡ ಟ್ಯಾಂಕಿಗೆ 16000. ಇವುಗಳ ನಡುವೆ 5000ಕ್ಕೆ ಒಂದು ಗಾಡಿ ಸಿಗುತ್ತದೆ. ಹೆಸರು ಎ.ಪಿ.ಸಿ. ಇದಕ್ಕೆ ಬಂದೂಕಿಲ್ಲ, ಫಿರಂಗಿಯಿಲ್ಲ. ಯಾರು ಹೊಡೆದರೂ ತಿರುಗಿ ಹೊಡೆಯಲಾರದು. ಒಬ್ಬ ಕಾಲಾಳನ್ನು ಹೊತ್ತು ಸಾಗಿಸುತ್ತದೆ, ಪಕ್ಕದಲ್ಲಿ ನಿಂತವರಿಗೆಲ್ಲ ಇಂಧನ, ಮದ್ದುಗುಂಡು ತುಂಬಿಸುತ್ತದೆ. ಅಷ್ಟೇ ಅದರ ಉದ್ಯೋಗ. ಎಲ್ಲರ ಟ್ಯಾಂಕಿಯನ್ನೂ ತುಂಬಿಸುವ ಈ ಬಂಡಿ ತನ್ನ ಟ್ಯಾಂಕಿಯನ್ನು ತಾನು ತುಂಬಿಸಿಕೊಳ್ಳಲಾರದು ಎಂದು ಮಗ ಹೇಳಿದಾಗ ನಮಗೆ ನಗು ಬಂತು. ನಮ್ಮ ವೈದ್ಯ ಬಂಧುಗಳಲ್ಲಿ ಅನೇಕರ ಬಿ.ಪಿ., ಸಕ್ಕರೆಯ ಕಥೆ ನಮಗೆ ಗೊತ್ತಿಲ್ಲವೇ!

ಆ ರಾತ್ರಿ ಮಗನ ಸ್ಥಿತಿ ಕೆಟ್ಟಿತ್ತು. ಅವನ ದೊಡ್ಡ ಟ್ಯಾಂಕಿನ ಎದುರಿಗೆ ಶತ್ರುವಿನ ಎರಡು ಟ್ಯಾಂಕು ಬಂದು ನಿಂತಿದ್ದವು. ಅವನು ಒಂದು ಕ್ಷಣವೂ ಯೋಚಿಸದೆ ಆ ಬಂಡಿಯನ್ನು ಮುಂದಕ್ಕೆ ತಳ್ಳಿ, ಮರಗಳಿದ್ದ ಒಂದು ಚೌಕದಲ್ಲಿ ನಿಲ್ಲಿಸಿದ.

"ಅದಕ್ಕೆ ಬಂದೂಕೇ ಇಲ್ಲ ಅಂದೆಯಲ್ಲೋ! ಮುಂದೆ ಯಾಕೆ ಕಳಿಸಿದೆ?" ಎಂದು ಕೇಳಿದೆವು.

"ಅದಕ್ಕೇ ಅಪ್ಪ. ಕಂಪ್ಯೂಟರಿಗೆ ಎ.ಪಿ.ಸಿ. ಕಂಡರೆ ಹೊಡೀಲೇಬೇಕು ಅನ್ಸತ್ತೆ. ಬೇರೆ ಎಲ್ಲಾ ಬಿಟ್ಟು ಅದಕ್ಕೇ ಬರತ್ತೆ. ಈ ಟ್ರಿಕ್ ಎಲ್ಲರಿಗೂ ಗೊತ್ತು."

ಹಾಗೆಯೇ ಆಯಿತು. ಒಂದು ಟ್ಯಾಂಕು ಹೊಡೆಯಿತು, ಹಿಂದೆಯೇ ಕಾಲಾಳೂ ಒಬ್ಬ ಬಂದು ಹೊಡೆದ. ಹತ್ತು ಇದ್ದ ಬಂಡಿಯ ಬಲ ಮೂರಕ್ಕೆ ಇಳಿಯಿತು. ಆದರೆ ಸಾಯಲಿಲ್ಲ. ಅಷ್ಟರಲ್ಲಿ ಮಗನ ಟ್ಯಾಂಕು ಎದುರಾಳಿಗಳನ್ನು ಮುಗಿಸಿತು. ಆಮೇಲೆ ಆ ಮುಕ್ಕಾದ ಬಂಡಿಯೇ ಒಬ್ಬ ಕಾಲಾಳನ್ನು ಹತ್ತಿಸಿಕೊಂಡು, ಕಾಡಿನ ಅಂಚಿನಲ್ಲಿ ಸುತ್ತಿ, ಶತ್ರುವಿನ ಕೇಂದ್ರ ಕಚೇರಿಯ ಬಾಗಿಲಲ್ಲಿ ಇಳಿಸಿತು. ಎರಡು ದಿನದ ಆಟದಲ್ಲಿ ಕಾಲಾಳು ಅದನ್ನು ವಶಪಡಿಸಿಕೊಂಡ, ಯುದ್ಧ ಮುಗಿಯಿತು. "ನೋಡಿದ್ಯಾ ಅಪ್ಪ? ಸುಮ್ಮನೆ ಹೆದರಿದೆ. ಅದಕ್ಕೇನೂ ಆಗಲಿಲ್ಲ!" ಎಂದು ಮಗ ಕೈ ತಟ್ಟಿದ.

ಈ ಕೊನೆಯ ಮಾತು ನಮ್ಮನ್ನು ಚುಚ್ಚಿತು. ಬಂಡಿ ಉಳಿಯಿತು, ನಿಜ. ಆದರೆ ಅವನು ಅದನ್ನು ಉಳಿಸಿದನೇ? ಅವನು ಅದನ್ನು ಕಳಿಸಿದ್ದೇ ಸಾಯಲೆಂದು. ಉಳಿಯುವುದು ಬೇರೆ, ಉಳಿಸುವುದು ಬೇರೆ. ತಾನಾಗಿ ಉಳಿದುಕೊಂಡದ್ದನ್ನು ತೋರಿಸಿ "ಏನೂ ಆಗಲಿಲ್ಲವಲ್ಲ" ಎನ್ನುವ ಹಕ್ಕು ತಳ್ಳಿದವನಿಗೆ ಇದೆಯೇ ಎಂಬುದು ಪ್ರಶ್ನೆ.

ನಮ್ಮವರು ಈ ಪ್ರಶ್ನೆಯನ್ನು ಯೋಚಿಸದೆ ಬಿಟ್ಟಿಲ್ಲ. ಚದುರಂಗದಲ್ಲಿ ಆನೆ, ಕುದುರೆ, ಮಂತ್ರಿ, ಪದಾತಿ ಎಲ್ಲ ಇದ್ದರೂ ಅಡಿಗೆಯವನ ಕಾಯಿ ಇಲ್ಲ. ಆದರೆ ಭಾರತದ ಭೀಷ್ಮಪರ್ವದಲ್ಲಿ ಯುದ್ಧ ಶುರುವಾಗುವ ಮುನ್ನ ಎರಡೂ ಕಡೆಯವರು ಒಪ್ಪಿದ ಕಟ್ಟುಪಾಡುಗಳಲ್ಲಿ ಇಂಥವರ ನೆನಪಿದೆ. ಸಾರಥಿಗಳನ್ನು, ಬಂಡಿ ಎಳೆಯುವ ಪ್ರಾಣಿಗಳನ್ನು, ಆಯುಧ ಹೊತ್ತು ತರುವವರನ್ನು, ಭೇರಿ ಶಂಖಗಳನ್ನು ನುಡಿಸುವವರನ್ನು ಹೊಡೆಯಬಾರದು. ಹದಿನೆಂಟು ದಿನಗಳಲ್ಲಿ ಆ ಮಾತು ಎಷ್ಟು ಉಳಿಯಿತು ಎಂಬುದು ಬೇರೆ ವಿಚಾರ. ಸಾರಥಿಗಳು ಸಾಲುಸಾಲಾಗಿ ಸತ್ತರು. ಉಡುಪಿಯ ಕಡೆ ಹೇಳುವ ಇನ್ನೊಂದು ಕಥೆಯನ್ನು ನಮ್ಮ ಓದುಗರಲ್ಲಿ ಹಲವರು ಅಜ್ಜಿಯರ ಬಾಯಲ್ಲಿ ಕೇಳಿರಬಹುದು. ವ್ಯಾಸರ ಗ್ರಂಥದಲ್ಲಿ ಇಲ್ಲದ ಕಥೆ ಅದು. ಉಡುಪಿಯ ಅರಸ ಯಾವ ಪಕ್ಷಕ್ಕೂ ಸೇರದೆ ಕುರುಕ್ಷೇತ್ರದಲ್ಲಿ ಎರಡೂ ಸೈನ್ಯಗಳಿಗೆ ಅನ್ನ ಬಡಿಸಿದನಂತೆ. ಮಹಾರಥಿಗಳೆಲ್ಲ ಉರುಳಿದ ಮೇಲೂ ಅವನ ಒಲೆ ಉರಿಯುತ್ತಿತ್ತು. ಬಂದೂಕಿಲ್ಲದ ಬಂಡಿಯ ಮೂಲಪುರುಷ ಅವನೇ ಇರಬೇಕು. ಆದರೆ ಅವನು ತಾನಾಗಿ ಆ ಕೆಲಸವನ್ನು ಕೇಳಿ ಪಡೆದವನು ಎಂಬುದನ್ನು ಮರೆಯಬಾರದು. ಅವನನ್ನು ಯಾರೂ ಮುಂದಕ್ಕೆ ತಳ್ಳಲಿಲ್ಲ.

ಮಗನೂ ವಾದದಲ್ಲಿ ಕಡಿಮೆಯಿಲ್ಲ. "ಅಪ್ಪ, 5000ದ ಗಾಡಿ ಕೊಟ್ಟು 16000ದ ಟ್ಯಾಂಕ್ ಉಳಿಸಿಕೊಂಡೆ. ಇದು ಬರೀ ಲೆಕ್ಕ. ನೀವೂ ಎಮರ್ಜೆನ್ಸೀಲಿ ಯಾರನ್ನ ಮೊದಲು ನೋಡಬೇಕು ಅಂತ ಲೆಕ್ಕ ಹಾಕಲ್ವಾ?" ಎಂದ. ಒಳ್ಳೆಯ ಪ್ರಶ್ನೆ. ಹಾಕುತ್ತೇವೆ. ಆದರೆ ಅಲ್ಲಿ ಯಾರಿಗೆ ಹೆಚ್ಚು ಅಪಾಯವಿದೆಯೋ ಅವರು ಮೊದಲು, ಯಾರ ಬೆಲೆ ಹೆಚ್ಚೋ ಅವರಲ್ಲ. ಕುಡಿದು ಬಿದ್ದವನಿಗೆ ರಕ್ತ ಸೋರುತ್ತಿದ್ದರೆ ಕೈ ಉಳುಕಿದ ಬ್ಯಾಂಕ್ ಮ್ಯಾನೇಜರ್ ಕಾಯಬೇಕು. ನಾವು ಕಲಿತ ವಿದ್ಯೆ ಇದು. ಕಲಿತದ್ದನ್ನು ಯಾವಾಗಲೂ ಪಾಲಿಸಿದೆವೇ ಎಂದರೆ, ಇಲ್ಲ.

ಇಲ್ಲಿ ನಮ್ಮದೇ ಒಂದು ವಿಷಯ ಹೇಳಬೇಕು. ಮೈಸೂರಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ ಈ ದೇಶಕ್ಕೆ ಬಂದು ರೆಸಿಡೆನ್ಸಿ ಮಾಡುತ್ತಿದ್ದ ಕಾಲ, 1996. ಒಂದು ರಾತ್ರಿ ವಾರ್ಡಿನಲ್ಲಿ ಒಬ್ಬ ರೋಗಿಯ ರಕ್ತದಲ್ಲಿ ಪೊಟ್ಯಾಸಿಯಮ್ ಅಪಾಯದ ಮಟ್ಟಕ್ಕೆ ಏರಿದೆ ಎಂದು ಲ್ಯಾಬಿನಿಂದ ಫೋನ್ ಬಂತು. ವಾರ್ಡ್ ಕ್ಲಾರ್ಕ್ ಆಗಿದ್ದ ಹೆಂಗಸು ಅದನ್ನು ಚೀಟಿಯಲ್ಲಿ ಬರೆದು ನಮ್ಮ ಕೈಗೇ ಕೊಟ್ಟರು. ನಾವು ಬೇರೊಬ್ಬ ರೋಗಿಯ ಕಡೆಗೆ ಓಡುತ್ತಿದ್ದೆವು. ಚೀಟಿ ಕೋಟಿನ ಜೇಬಿಗೆ ಹೋಯಿತು, ಮನಸ್ಸಿನಿಂದಲೂ ಹೋಯಿತು. ಬೆಳಗಿನ ಜಾವ ರೋಗಿಯ ಹೃದಯದ ಬಡಿತ ತಪ್ಪಿತು. ದೇವರ ದಯೆ, ಹೇಗೋ ಬದುಕಿಕೊಂಡ. ರೌಂಡ್ಸಿನಲ್ಲಿ ದೊಡ್ಡ ಡಾಕ್ಟರು ಕೆಂಡವಾಗಿ, "ಈ ರಿಪೋರ್ಟ್ ಯಾರಿಗೆ ಬಂದಿತ್ತು?" ಎಂದು ಕೇಳಿದರು. ನಾವು "ನಮಗೆ ಯಾರೂ ಹೇಳಲಿಲ್ಲ" ಎಂದೆವು.

ಆ ಹೆಂಗಸು ಅಲ್ಲೇ ಮೇಜಿನ ಹಿಂದೆ ಇದ್ದರು. ನಮ್ಮನ್ನು ಒಂದು ಸಲ ನೋಡಿದರು. ಏನೂ ಹೇಳಲಿಲ್ಲ. ಡಾಕ್ಟರ ಮಾತಿಗೆ ಎದುರಾಗಿ ಕ್ಲಾರ್ಕಿನ ಮಾತು ನಿಲ್ಲುವುದಿಲ್ಲ ಎಂದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಅವರಿಗೆ ಲಿಖಿತ ಎಚ್ಚರಿಕೆ ಬಂತು. ನಮ್ಮ ವೀಸಾ, ನಮ್ಮ ಭವಿಷ್ಯ, ಊರಿನಲ್ಲಿ ನಮ್ಮ ಹಣಕ್ಕಾಗಿ ಕಾಯುತ್ತಿದ್ದ ತಂದೆತಾಯಿ, ಎಲ್ಲ ಉಳಿಯಿತು. ದೊಡ್ಡ ಟ್ಯಾಂಕು ಉಳಿಯಿತು.

ಅವರ ಕೆಲಸ ಹೋಗಲಿಲ್ಲ. ನಾವು ರೆಸಿಡೆನ್ಸಿ ಮುಗಿಸಿ ಹೊರಡುವವರೆಗೂ ಅದೇ ಮೇಜಿನಲ್ಲಿದ್ದರು. ಎಂದಿನಂತೆ ಚೀಟಿ ಬರೆದು ಕೊಡುತ್ತಿದ್ದರು. ಒಂದೇ ವ್ಯತ್ಯಾಸ. ಅಂದಿನಿಂದ ಪ್ರತಿ ಚೀಟಿಗೂ ಒಂದು ನಕಲು ಇಟ್ಟುಕೊಂಡು, ಅದರ ಮೇಲೆ ನಮ್ಮ ಸಹಿ ಹಾಕಿಸಿಕೊಳ್ಳುತ್ತಿದ್ದರು. ಎರಡು ವರ್ಷ ಸಹಿ ಹಾಕಿದೆವು. ಪ್ರತಿ ಸಲವೂ "ಅವರಿಗೇನೂ ಆಗಲಿಲ್ಲವಲ್ಲ" ಎಂದು ನಮಗೆ ನಾವೇ ಹೇಳಿಕೊಂಡೆವು. ಕೊನೆಯ ದಿನ ಕ್ಷಮೆ ಕೇಳಬೇಕೆಂದುಕೊಂಡು ಹೋಗಿ, ಕೇಕಿನ ಡಬ್ಬಿ ಕೊಟ್ಟು ಬಂದೆವು.

ಮಗನಿಗೆ ಇದನ್ನು ಆ ರಾತ್ರಿಯೇ ಹೇಳಿದೆವು. ಅವನು ಆಟವನ್ನು ನಿಲ್ಲಿಸಿ ಕೇಳಿದ. "ಅವರ ಹೆಸರೇನಪ್ಪ?" ಎಂದ. ಬ್ಯಾಡ್ಜಿನ ಮೇಲಿದ್ದ ಮೊದಲ ಹೆಸರು ಮಾತ್ರ ನೆನಪಿತ್ತು. ಆ ದೊಡ್ಡ ಡಾಕ್ಟರ ಹೆಸರನ್ನು ಕೇಳಿದ್ದರೆ ಡಿಗ್ರಿಗಳ ಸಮೇತ ಹೇಳುತ್ತಿದ್ದೆವು.

ಹಾಗಾದರೆ ಯಾರನ್ನೂ ಅಪಾಯಕ್ಕೆ ಒಡ್ಡಲೇಬಾರದೇ? ಹಾಗೆ ಹೇಳಿದರೆ ಆಟವೂ ನಡೆಯದು, ಆಸ್ಪತ್ರೆಯೂ ನಡೆಯದು. 2020ರ ಕೋವಿಡ್ ಕಾಲದಲ್ಲಿ ರೋಗಿಗಳ ಕೋಣೆ ಗುಡಿಸಿದವರು, ಸ್ಟ್ರೆಚರ್ ತಳ್ಳಿದವರು ಅಪಾಯದಲ್ಲೇ ಇದ್ದರು, ನಾವೂ ಇದ್ದೆವು. ಕೆಲವು ಸಲ ಒಬ್ಬರನ್ನು ಮುಂದೆ ಕಳಿಸಲೇಬೇಕಾಗುತ್ತದೆ. ಆದರೆ ನಮಗೆ ತೋರುವ ಧರ್ಮ ಇಷ್ಟು. ಕಳಿಸುವವನು ಅವರಿಗೆ ಹೇಳಿ ಕಳಿಸಬೇಕು. ತಾನು ನಿಲ್ಲಬೇಕಾದ ಜಾಗದಲ್ಲಿ ಅವರನ್ನು ನಿಲ್ಲಿಸಬಾರದು. "ಇವರು ತಿರುಗಿ ಹೊಡೆಯಲಾರರು" ಎಂಬುದೇ ಅವರನ್ನು ಆರಿಸಿದ ಕಾರಣವಾಗಿದ್ದರೆ, ಅವರು ಸತ್ತರೂ ಉಳಿದರೂ ತಪ್ಪು ತಪ್ಪೇ. ಅವರು ಉಳಿದದ್ದು ಅವರ ಗಟ್ಟಿತನ. ಅದನ್ನು ನಮ್ಮ ಖಾತೆಗೆ ಜಮಾ ಮಾಡಿಕೊಳ್ಳುವಂತಿಲ್ಲ.

ಇನ್ನೊಂದು ಸಂಗತಿಯನ್ನು ಮಗನೇ ತೋರಿಸಿದ. ಯುದ್ಧ ಮುಗಿದ ಮೇಲೆ ಈ ಆಟ ಮೂರು ಬಗೆಯಲ್ಲಿ ಅಂಕ ಕೊಡುತ್ತದೆ. ಎಷ್ಟು ಬೇಗ ಗೆದ್ದೆ ಎನ್ನುವುದು ಒಂದು. ಒಂದೇ ಸರದಿಯಲ್ಲಿ ಎಷ್ಟು ಶತ್ರುಗಳನ್ನು ಕೆಡವಿದೆ ಎನ್ನುವುದು ಎರಡನೆಯದು. ಇದರಲ್ಲಿ ನಮ್ಮ ಬಂಡಿಗೆ ಎಂದೆಂದಿಗೂ ಸೊನ್ನೆ. ಮೂರನೆಯದು, ನಿನ್ನವರಲ್ಲಿ ಎಷ್ಟು ಮಂದಿಯನ್ನು ಕಳೆದುಕೊಂಡೆ ಎನ್ನುವುದು. ಈ ಲೆಕ್ಕದಲ್ಲಿ ಬೆಲೆಯ ಮಾತೇ ಇಲ್ಲ. 16000ದ ಟ್ಯಾಂಕು ಹೋದರೂ ಒಂದು, 5000ದ ಬಂಡಿ ಹೋದರೂ ಒಂದು. ಆಟ ಮಾಡಿದವರಲ್ಲಿ ಯಾರಿಗೋ ಇದು ಹೊಳೆದಿರಬೇಕು.

ನಮ್ಮ ಕೂಟದ ಕಾರ್ಯಕ್ರಮಗಳಿಗೂ ಈ ಮೂರನೆಯ ಲೆಕ್ಕ ಬೇಕು ಎನಿಸುತ್ತದೆ. ಯುಗಾದಿಯಂದು ವೇದಿಕೆಯ ಮೇಲಿದ್ದವರಿಗೆ ಹಾರ, ಶಾಲು, ಫೋಟೋ. ರಾತ್ರಿ ಹನ್ನೊಂದಕ್ಕೆ ಬಾಡಿಗೆ ಹಾಲಿನ ಸಿಂಕಿನಲ್ಲಿ ಬಿಸಿಬೇಳೆಬಾತಿನ ಪಾತ್ರೆ ಉಜ್ಜುತ್ತಿದ್ದವರು, ಕುರ್ಚಿ ಮಡಿಸಿದವರು, ಈ ಪತ್ರಿಕೆಯ ಹಾಳೆಗಳನ್ನು ಜೆರಾಕ್ಸ್ ಮಾಡಿ ಪಿನ್ನು ಹೊಡೆದವರು, ವಂದನಾರ್ಪಣೆಯಲ್ಲಿ "ಎಲ್ಲ ಸ್ವಯಂಸೇವಕರು" ಎಂಬ ಒಂದೇ ಮಾತಿನಲ್ಲಿ ಮುಗಿದುಹೋಗುತ್ತಾರೆ. ಊಟ ತಡವಾದರೆ ಬೈಗುಳ ಮಾತ್ರ ಅವರಿಗೇ ಮೊದಲು. ಸಮಿತಿಯಲ್ಲಿದ್ದಾಗ ನಾವೂ "ಅಡಿಗೆಯವರನ್ನ ಕೇಳಿ" ಎಂದು ಬೆರಳು ತೋರಿಸಿದ್ದುಂಟು. ಮುಂದಿನ ಸಲ ವಂದನಾರ್ಪಣೆ ನಮ್ಮ ಪಾಲಿಗೆ ಬಂದರೆ ಅವರ ಪೂರ್ತಿ ಹೆಸರುಗಳನ್ನು ಬರೆದುಕೊಂಡು ಬರುತ್ತೇವೆ. ಅಂದು ಕಾರ್ಯಕ್ರಮ ಹತ್ತು ನಿಮಿಷ ತಡವಾದರೆ ಬಂಧುಗಳು ದಯವಿಟ್ಟು ನಮ್ಮನ್ನೇ ಬೈಯಬೇಕು.