ನೀರು ತಿಳಿಯಾದರೆ ಶುದ್ಧವಾಯಿತೋ?

ಮಳೆಗಾಲದಲ್ಲಿ ಕೊಳೆತ ಮರದ ದಿಮ್ಮಿಯ ಮೇಲೆ ಏಳುವ ಅಣಬೆಗಳನ್ನು ಕಾಣದವರು ನಮ್ಮ ವಾಚಕರಲ್ಲಿ ಯಾರೂ ಇರಲಾರರು. ಅಂಥ ಮರವನ್ನು ಮುರಿದು ನೋಡಿದರೆ ಕೆಲವು ಸಲ ಒಳಗೆಲ್ಲಾ ಬೆಳ್ಳಗೆ, ನಾರುನಾರಾಗಿ, ಹಗುರವಾಗಿರುವದು. ಮರಕ್ಕೆ ಗಟ್ಟಿತನವನ್ನೂ ಕಂದು ಬಣ್ಣವನ್ನೂ ಕೊಡುವ ಲಿಗ್ನಿನ್ ಎಂಬ ಪದಾರ್ಥವನ್ನು ಶಿಲೀಂಧ್ರವು ಒಡೆದು, ಬಿಳೀ ನಾರನ್ನು ಉಳಿಸಿದ್ದರ ಗುರುತು ಅದು. ಇದನ್ನು ಅದು ತನ್ನ ಮೈಯಿಂದ ಹೊರಬಿಡುವ ಕಿಣ್ವಗಳೆಂಬ ದ್ರವ್ಯಗಳಿಂದ ಮಾಡುವದು. ಅನ್ನವನ್ನು ಬಹಳ ಹೊತ್ತು ಅಗಿದರೆ ಬಾಯಲ್ಲಿ ಸಿಹಿಯಾಗುವದಲ್ಲವೇ? ಅದೂ ನಮ್ಮ ಜೊಲ್ಲಿನಲ್ಲಿರುವ ಕಿಣ್ವದ ಕೆಲಸವೇ.

ಆದರೆ ಜೊಲ್ಲಿನ ಕಿಣ್ವವು ಒಂದೇ ಬೀಗದ ಕೀಲಿಕೈಯಂತೆ ಪಿಷ್ಟವನ್ನು ಬಿಟ್ಟು ಬೇರೆ ಪದಾರ್ಥದ ಗೊಡವೆಗೆ ಹೋಗದು. ಲಿಗ್ನಿನ್ ಗೊತ್ತಾದ ಕ್ರಮವಿಲ್ಲದೆ ಅಡ್ಡಾದಿಡ್ಡಿಯಾಗಿ ಹೆಣೆದುಕೊಂಡಿರುವದರಿಂದ, ಅದನ್ನು ಒಡೆಯುವ ಕಿಣ್ವಗಳಿಗೆ ಅಷ್ಟು ಆಯ್ಕೆಯಿಲ್ಲ. ಲಿಗ್ನಿನಿಗೆ ಹೋಲುವ ಅನೇಕ ಪದಾರ್ಥಗಳ ಮೇಲೆಯೂ ಅವು ಕೈಮಾಡುವವು. 1983ರಲ್ಲಿ ಅಮೇರಿಕದ ವಿಜ್ಞಾನಿಗಳು ಇಂಥ ಒಂದು ಶಿಲೀಂಧ್ರದಲ್ಲಿ ಲಿಗ್ನಿನ್ ಪೆರಾಕ್ಸಿಡೇಸ್ ಎಂಬ ಕಿಣ್ವವನ್ನು ಕಂಡುಹಿಡಿದರು. ಅದೇ ಶಿಲೀಂಧ್ರವು ಡಿ.ಡಿ.ಟಿ.ಯಂಥ ಹಠಮಾರಿ ವಿಷವನ್ನೂ ಒಡೆಯುವದೆಂದು 1985ರಲ್ಲಿ ತೋರಿಸಿಕೊಟ್ಟರು. ಬಟ್ಟೆಯ ಬಣ್ಣಗಳೂ ಅದಕ್ಕೆ ಅಸಾಧ್ಯವಲ್ಲವೆಂದು ತಿಳಿಯಬಂತು.

1856ರಲ್ಲಿ ಲಂಡನಿನ ವಿಲಿಯಂ ಪರ್ಕಿನ್ ಎಂಬ ಹದಿನೆಂಟು ವರುಷದ ಹುಡುಗನು ಕಲ್ಲಿದ್ದಲ ಟಾರಿನಿಂದ ಬಂದ ಪದಾರ್ಥದಿಂದ ಊದಾ ಬಣ್ಣವನ್ನು ಮಾಡಿದಂದಿನಿಂದ ಕಾರ್ಖಾನೆಯ ಬಣ್ಣಗಳು ಸಾವಿರಾರಾಗಿವೆ. ಅವುಗಳಲ್ಲಿ ದೊಡ್ಡ ಗುಂಪು ಆಜೋ ಬಣ್ಣಗಳದು. ಎರಡು ನೈಟ್ರೋಜನ್ ಪರಮಾಣುಗಳು ಸೇತುವೆಯಂತೆ ನಿಂತು ಎರಡು ದಡಗಳನ್ನು ಕೂಡಿಸಿದರೆ ಬಣ್ಣವುಂಟಾಗುವದು. ಗಾಳಿಯಿಲ್ಲದ ಕೆಸರಿನಲ್ಲಿ ವಾಸಿಸುವ ಕೆಲವು ಬ್ಯಾಕ್ಟೀರಿಯಗಳು ತಮ್ಮ ಕಿಣ್ವದಿಂದ ಈ ಸೇತುವೆಯನ್ನು ಮುರಿಯುವವು. ಮುರಿದೊಡನೆ ಕೆಂಪು ನೀರು ತಿಳಿಯಾಗುವದು.

ಇದನ್ನು ಕೇಳಿದವರು ಸಂತೋಷಪಡುವದು ಸಹಜ. ನಾವು ಕೇಳಬೇಕಾದ ಪ್ರಶ್ನೆಯಾದರೋ ಇಲ್ಲಿಯೇ ಹುಟ್ಟುವದು. ಹೇಗಂದರೆ, ಸೇತುವೆ ಮುರಿದರೂ ಎರಡು ದಡಗಳು ನೀರಿನಲ್ಲಿಯೇ ಉಳಿದಿವೆ. ಅವುಗಳಿಗೆ ಅಮೈನುಗಳೆಂದು ಹೆಸರು. ಅವೆಲ್ಲಾ ಕೆಟ್ಟವಲ್ಲ, ಆದರೆ ಕೆಲವು ಮೂಲ ಬಣ್ಣಕ್ಕಿಂತಲೂ ಕ್ರೂರವಾದವು. ಬಣ್ಣದ ಕಾರ್ಖಾನೆಯ ಕೆಲಸಗಾರರಿಗೆ ಮೂತ್ರಕೋಶದ ಕ್ಯಾನ್ಸರ್ ಬರುವದನ್ನು ಜರ್ಮನಿಯ ಲುಡ್ವಿಗ್ ರೆನ್ ಎಂಬ ಶಸ್ತ್ರವೈದ್ಯನು 1895ರಲ್ಲಿಯೇ ಪ್ರಕಟಿಸಿದನು. ಬೆಂಜಿಡೀನ್ ಮೊದಲಾದ ಅಮೈನುಗಳೇ ಅದಕ್ಕೆ ಕಾರಣವೆಂದು ತರುವಾಯ ಗೊತ್ತಾಯಿತು. ಬಲವು ಬಣ್ಣದಲ್ಲಿಯೇ ಇರಬೇಕೆಂಬ ನೇಮವಿಲ್ಲ. ಗೆರ್ಹಾರ್ಡ್ ಡೋಮಾಕ್ 1935ರಲ್ಲಿ ಲೋಕಕ್ಕೆ ತಿಳಿಸಿದ ಪ್ರೊಂಟೊಸಿಲ್ ಎಂಬ ಕೆಂಪು ಔಷಧವೂ ಆಜೋ ಬಣ್ಣವೇ. ಶರೀರದೊಳಗೆ ಅದರ ಸೇತುವೆ ಮುರಿದು ಬರುವ ಬಣ್ಣವಿಲ್ಲದ ತುಂಡೇ ರೋಗವನ್ನು ಗುಣಮಾಡುವದೆಂದು ಪ್ಯಾರಿಸಿನ ಪಾಸ್ಟರ್ ಸಂಸ್ಥೆಯವರು ಅದೇ ವರುಷ ಕಂಡುಕೊಂಡರು. ಅಲ್ಲಿ ಕಾಣದ ತುಂಡು ಪ್ರಾಣವುಳಿಸಿತು. ಬೇರೆ ಕಡೆ ಕಾಣದ ತುಂಡು ಪ್ರಾಣ ತೆಗೆಯಬಲ್ಲದು.

ಹೀಗಿರಲಾಗಿ, ಬಣ್ಣವನ್ನು ಮಾತ್ರ ತೆಗೆದು ನೀರನ್ನು ಹೊಳೆಗೆ ಬಿಡುವವನು ನೆರೆಯವನಿಗೆ ಉಪಕಾರ ಮಾಡಿದನೋ, ಅಪಕಾರ ಮಾಡಿದನೋ? ಅರ್ಧ ಕೆಲಸವಾದರೂ ಆಯಿತಲ್ಲಾ ಎಂದು ಕೆಲವರು ಹೇಳಾರು. ನಮಗೆ ಹಾಗೆ ತೋರುವದಿಲ್ಲ. ಯಾಕಂದರೆ ಹೊಳೆಯ ಕೆಳಗಡೆ ಇರುವ ರೈತನಿಗೆ ಬಣ್ಣವೇ ಸಾಕ್ಷಿ. ಓದು ಬಾರದ ಹೆಂಗಸೂ ಕೊಡವನ್ನು ಅದ್ದುವ ಮುಂಚೆ ಅದನ್ನು ಕಂಡು ಹಿಂದೆಗೆಯುವಳು. ಊರವರು ಅಧಿಕಾರಿಯ ಮುಂದೆ ಅದನ್ನು ತೋರಿಸಿ ನ್ಯಾಯ ಕೇಳಬಹುದು. ವಿಷವನ್ನು ಉಳಿಸಿ ಬಣ್ಣವನ್ನು ಅಳಿಸಿದರೆ, ಗಾಯ ಮಾಡಿದ್ದಲ್ಲದೆ ಸಾಕ್ಷಿಯ ಬಾಯನ್ನೂ ಕಟ್ಟಿದ ಹಾಗಾಯಿತು. ಆ ಮೇಲೆ ದೂರು ಹೇಳಬೇಕಾದರೆ ಬಡವನಿಗೆ ಪ್ರಯೋಗಶಾಲೆ ಬೇಕಾಗುವದು.

ತಮಿಳುನಾಡಿನ ತಿರುಪ್ಪೂರು ಬನಿಯನ್ನುಗಳಿಗೆ ಹೆಸರಾದ ಊರು. ಅದರ ನೊಯ್ಯಲ್ ಹೊಳೆಯು ಹೋಗಿ ಸೇರುವದು ನಮ್ಮ ಕೊಡಗಿನಿಂದ ಇಳಿಯುವ ಕಾವೇರಿಯನ್ನೇ. ಬೇಸಾಯಕ್ಕೆಂದು ಆ ಹೊಳೆಗೆ ಕಟ್ಟಿದ ಒರತ್ತುಪಾಳಯಂ ಅಣೆಕಟ್ಟಿನಲ್ಲಿ ಬಣ್ಣದಂಗಡಿಗಳ ಕೊಚ್ಚೆ ಬಂದು ನಿಂತು, ಆ ನೀರೇ ಬೇಡವೆಂದು ರೈತರು ಮೊರೆಯಿಟ್ಟರು. 2011ರಲ್ಲಿ ಮದ್ರಾಸ್ ಹೈಕೋರ್ಟು ಅಲ್ಲಿಯ ನೂರಾರು ಬಣ್ಣದ ಘಟಕಗಳನ್ನು ಮುಚ್ಚಿಸಿತು. ಹೊಲಗಳನ್ನು ಕೆಡಿಸಿದ್ದರಲ್ಲಿ ಬಣ್ಣದ ಪಾಲಿಗಿಂತ ಉಪ್ಪಿನ ಪಾಲು ದೊಡ್ಡದು. ಹತ್ತಿಯ ಬಟ್ಟೆಗೆ ಬಣ್ಣ ಹಿಡಿಯಲೆಂದು ಉಪ್ಪನ್ನು ರಾಶಿಯಾಗಿ ಹಾಕುವರು. ಉಪ್ಪಿಗೆ ಬಣ್ಣವಿಲ್ಲ, ಅದನ್ನು ಒಡೆಯುವ ಕಿಣ್ವವೂ ಇಲ್ಲ.

ಇದರಿಂದ ಶಿಲೀಂಧ್ರಗಳನ್ನೂ ಬ್ಯಾಕ್ಟೀರಿಯಗಳನ್ನೂ ನಾವು ಹೀನೈಸುವದಿಲ್ಲ. ಶಿಲೀಂಧ್ರದ ಕಿಣ್ವಗಳು ಸೇತುವೆಯನ್ನು ಬೇರೆ ವಿಧದಲ್ಲಿ ಒಡೆಯುವದರಿಂದ ಅನೇಕ ವೇಳೆ ಈ ಅಮೈನುಗಳು ಹುಟ್ಟುವದಿಲ್ಲ. ಆದರೆ ಗಾಜಿನ ಕುಪ್ಪಿಯಲ್ಲಿ ಚುರುಕಾದ ಕಿಣ್ವವು ಕಾರ್ಖಾನೆಯ ಬಿಸಿಗೂ ಕ್ಷಾರಕ್ಕೂ ಉಪ್ಪಿಗೂ ಸಿಕ್ಕಿದರೆ ಬೇಗನೆ ಸೋಲುವದು. (ಇದೇ ಜಾತಿಯ ಲಾಕೇಸ್ ಎಂಬ ಕಿಣ್ವವನ್ನು ಹೊಸ ಜೀನ್ಸ್ ಬಟ್ಟೆ ಹಳೆಯದರಂತೆ ಕಾಣಲೆಂದು ಬಣ್ಣ ಮಾಸಿಸುವದಕ್ಕೆ ಬಳಸುತ್ತಾರೆ, ಹಳೇ ಬಟ್ಟೆಯನ್ನು ಹೊಸದರಂತೆ ಕಾಣಿಸಲು ಪಾಡುಪಡುವ ನಮಗೆ ಇದು ವಿಚಿತ್ರವೇ.)

ಕೆಲಸವನ್ನು ಚೆನ್ನಾಗಿ ಬಲ್ಲವರು ಎರಡು ತೊಟ್ಟಿಗಳನ್ನು ಕಟ್ಟುವರು. ಮೊದಲನೆಯದರಲ್ಲಿ ಗಾಳಿಯಿಲ್ಲ, ಅಲ್ಲಿ ಬ್ಯಾಕ್ಟೀರಿಯಗಳು ಸೇತುವೆಯನ್ನು ಮುರಿದು ನೀರನ್ನು ತಿಳಿಮಾಡುವವು. ಎರಡನೆಯದಕ್ಕೆ ಗಾಳಿಯನ್ನು ಊದುವರು. ಅಲ್ಲಿ ಬೇರೆ ಬ್ಯಾಕ್ಟೀರಿಯಗಳು ಉಳಿದ ಅಮೈನುಗಳಲ್ಲಿ ಅನೇಕವನ್ನು ತಿಂದು ತೀರಿಸುವವು. ಗಾಳಿಯೂದುವ ಯಂತ್ರಕ್ಕೆ ಹಗಲಿರುಳು ವಿದ್ಯುತ್ತು ಬೇಕು, ವಿದ್ಯುತ್ತಿಗೆ ಹಣ ಬೇಕು. ರಾತ್ರಿಯ ಹೊತ್ತು ಅದನ್ನು ನಿಲ್ಲಿಸಿಬಿಟ್ಟರೆ, ಬೆಳಿಗ್ಗೆ ಕಾಲುವೆಯ ಬಳಿ ನಿಂತು ನೋಡುವವನ ಕಣ್ಣಿಗೆ ಹೆಚ್ಚೇನೂ ವ್ಯತ್ಯಾಸ ಕಾಣದು.