ರಾಜಿ ಆದವರು ಯಾರು?

ಕನ್ನಡದ ಕೋರ್ಟು ಕಚೇರಿಗಳ ಎಷ್ಟೋ ಮಾತುಗಳು ಅರಬಿ, ಫಾರಸಿಯಿಂದ ಬಂದವು. ವಕೀಲ, ಜಾಮೀನು, ಮಹಜರು, ಜಪ್ತಿ, ಫಿರ್ಯಾದಿ. ಹೆಚ್ಚಿನವು ಮೂಲದ ಅರ್ಥದಿಂದ ಬಹಳ ದೂರ ಸರಿದಿಲ್ಲ. ಆದರೆ 'ರಾಜಿ' ಎಂಬ ಮಾತಿನ ಕಥೆ ಬೇರೆ. ಉರ್ದುವಿನಲ್ಲಿ ಒಬ್ಬ ರಾಜಿಯಾಗಿದ್ದಾನೆಂದರೆ ಅವನ ಮನಸ್ಸು ಒಪ್ಪಿದೆ ಎಂದರ್ಥ. ನಿಕಾಹ್‌ಗೆ ಮುನ್ನ ಹುಡುಗಿಯನ್ನು ಕೇಳುವುದು ಇದನ್ನೇ. ಕನ್ನಡದಲ್ಲಿ ರಾಜಿಯನ್ನು 'ಮಾಡಿಸಲು' ಬರುತ್ತದೆ, 'ಮಾಡಿ ಮುಗಿಸಲು' ಬರುತ್ತದೆ. ಮನಸ್ಸಿನ ಪ್ರಶ್ನೆ ಅಲ್ಲಿ ಏಳಲೇಬೇಕೆಂದಿಲ್ಲ.

ಈ ಎರಡು ಅರ್ಥಗಳ ನಡುವಿನ ಅಂತರ ಎಷ್ಟೆಂದು ತಿಳಿಯಬೇಕಾದರೆ ರಸ್ತೆ ಅಪಘಾತವಾದ ಜಾಗಕ್ಕೆ ಹೋಗಬೇಕು. ಗಾರೆ ಕೆಲಸಕ್ಕೆ ಹೊರಟವನ ಬೈಕಿಗೆ ಕಾರು ಬಡಿದು ಅವನ ಕಾಲು ಮುರಿದಿದೆ ಎನ್ನೋಣ. ಜನ ಸೇರುತ್ತಾರೆ, ಒಂದಿಷ್ಟು ಕೂಗಾಟ ನಡೆಯುತ್ತದೆ. ಸ್ವಲ್ಪ ತಣ್ಣಗಾದ ಮೇಲೆ ಹಿರಿಯರೊಬ್ಬರು ಮುಂದೆ ಬರುತ್ತಾರೆ. "ಹೋಗಲಿ ಬಿಡಪ್ಪಾ, ಸ್ಟೇಷನ್ನು ಕೋರ್ಟು ಅಂತ ಅಲೆಯೋರು ಯಾರು? ಆಸ್ಪತ್ರೆ ಖರ್ಚು ಅವರೇ ನೋಡ್ಕೋತಾರೆ. ಆ ಹುಡುಗನಿಗೂ ಹೆಂಡ್ತಿ ಮಕ್ಕಳಿದ್ದಾರೆ." ಕೈಗೆ ಒಂದಷ್ಟು ನೋಟು ಬರುತ್ತದೆ, ಕೆಲವೊಮ್ಮೆ ಒಂದು ಕಾಗದಕ್ಕೆ ಸಹಿಯೂ ಬೀಳುತ್ತದೆ. ಆಸ್ಪತ್ರೆಯಲ್ಲಿ ಡಾಕ್ಟರು ಏನಾಯಿತೆಂದು ಕೇಳಿದಾಗ ಗಾಯಾಳು, ಹೇಳಿಕೊಟ್ಟಂತೆ, "ಬೈಕಿನಿಂದ ಬಿದ್ದೆ" ಎನ್ನುತ್ತಾನೆ. ಮೂರು ತಿಂಗಳ ನಂತರ ಮೂಳೆ ಕೂಡಿಲ್ಲ, ಇನ್ನೊಂದು ಆಪರೇಷನ್ ಬೇಕು ಎಂದಾಗ ಕಾರಿನವರು ಫೋನ್ ಎತ್ತುವುದಿಲ್ಲ.

ಹಿರಿಯರಲ್ಲಿ ಬಹುಪಾಲು ಜನ ಒಳ್ಳೆಯ ಮನಸ್ಸಿನವರೇ. ಸ್ಟೇಷನ್ನಿನ ಮೆಟ್ಟಿಲೆಂದರೆ ಬಡವನಿಗಿರುವ ಭಯವೂ ಸುಳ್ಳಲ್ಲ. ಆದರೂ ಈ ರಾಜಿಯಲ್ಲಿ ಕ್ಷಮೆ ಎಷ್ಟಿದೆ, ತಪ್ಪು ತಿಳಿವಳಿಕೆ ಎಷ್ಟಿದೆ ಎಂದು ತೂಗಿ ನೋಡಬೇಕು.

ದೂರು ಕೊಟ್ಟರೆ ಡ್ರೈವರನ ಹೊಟ್ಟೆಯ ಮೇಲೆ ಹೊಡೆದಂತೆ ಎಂಬುದು ಮೊದಲನೆಯ ತಪ್ಪು ತಿಳಿವಳಿಕೆ. 1988ರ ಮೋಟಾರು ವಾಹನ ಕಾಯ್ದೆಯಂತೆ ಮೂರನೆಯ ವ್ಯಕ್ತಿಯ ವಿಮೆ ಇಲ್ಲದೆ ವಾಹನ ರಸ್ತೆಗೆ ಇಳಿಯುವಂತಿಲ್ಲ. ವಿಮೆ ಇದ್ದರೆ ಗಾಯಾಳುವಿನ ಪರಿಹಾರವನ್ನು ಸಾಮಾನ್ಯವಾಗಿ ಕೊಡುವುದು ಕಂಪನಿ. ಅದಕ್ಕೆಂದೇ ಅದು ವರ್ಷಾವರ್ಷ ಪ್ರೀಮಿಯಂ ವಸೂಲಿ ಮಾಡಿದೆ. ಹಾಗಾದರೆ ರಸ್ತೆಬದಿಯ ರಾಜಿಯಲ್ಲಿ ಗಾರೆಯವನ ಔದಾರ್ಯ ಹೋಗಿ ತಲುಪಿದ್ದು ಎಲ್ಲಿಗೆ? ಡ್ರೈವರ್ ತನ್ನ ಜೇಬಿನಿಂದ ಕೊಟ್ಟ, ಗಾಯಾಳು ತನ್ನ ಹಕ್ಕು ಬಿಟ್ಟ, ಉಳಿತಾಯ ಆದದ್ದು ಕಂಪನಿಗೆ. 'ಬೈಕಿನಿಂದ ಬಿದ್ದೆ' ಎಂಬ ಸುಳ್ಳು ಆಸ್ಪತ್ರೆಯ ದಾಖಲೆಯಲ್ಲಿ ಕೂತುಬಿಟ್ಟರೆ ಮುಂದೆ ಪರಿಹಾರ ಕೇಳಿದಾಗ ಕಂಪನಿಯ ವಕೀಲರು ಮೊದಲು ತೆಗೆದು ತೋರಿಸುವುದು ಅದನ್ನೇ.

ಇನ್ನು ಹಣೆಬರಹದ ಮಾತು. "ತಖ್ದೀರ್‌ನಲ್ಲಿ ಬರೆದಿತ್ತು, ಯಾರ ಮೇಲೆ ದೂರು ಕೊಡೋದು?" ಈ ತಖ್ದೀರ್ ಮುರಿದ ಕಾಲಿಗೆ ಮಾತ್ರ ಅನ್ವಯಿಸುತ್ತದೆ, ಕಾರಿನ ಬಂಪರಿಗಲ್ಲ. ಬಂಪರಿನ ಕ್ಲೇಮು ಮರುದಿನವೇ ಹೋಗಿರುತ್ತದೆ.

ಕಾಯ್ದೆಯ 134ನೆಯ ಕಲಮು ಡ್ರೈವರನಿಗೆ ಹೇಳುವುದು ನೇರವಾಗಿದೆ. ಗಾಯಾಳುವನ್ನು ಚಿಕಿತ್ಸೆಗೆ ತಲುಪಿಸಬೇಕು. ಪೊಲೀಸರು ಕೇಳಿದ ವಿವರ ಕೊಡಬೇಕು, ಅವರು ಸ್ಥಳದಲ್ಲಿ ಇಲ್ಲದಿದ್ದರೆ ಆದಷ್ಟು ಬೇಗ, ತಡವೆಂದರೆ 24 ಗಂಟೆಯೊಳಗೆ ಠಾಣೆಗೆ ತಿಳಿಸಬೇಕು. ವಿಮಾ ಕಂಪನಿಗೂ ಬರೆದು ತಿಳಿಸಬೇಕು. ಗುಂಪಿನ ಕೋಪದಿಂದ ಗಾಯಾಳುವಿನ ಬಳಿ ನಿಲ್ಲಲಾಗದ ಪರಿಸ್ಥಿತಿಯನ್ನೂ ಕಾಯ್ದೆ ಗಮನಿಸಿದೆ. ಹೊಡೆತಕ್ಕೆ ಹೆದರಿ ಓಡಿದವನೂ ಮುಂದಿನ ಠಾಣೆಗೆ ಹೋಗಿ ಹೇಳಬಹುದು. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದ ದಾರಿಹೋಕನಿಗಂತೂ ಹೆದರಿಕೆಗೆ ಕಾರಣವಿಲ್ಲ. 2016ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ಮಾರ್ಗಸೂಚಿಗಳಂತೆ ಅವನು ತನ್ನ ಹೆಸರನ್ನೂ ಹೇಳಬೇಕಾಗಿಲ್ಲ. 2019ರ ತಿದ್ದುಪಡಿ ಈ ರಕ್ಷಣೆಯನ್ನು ಕಾಯ್ದೆಯೊಳಗೇ ತಂದಿತು.

ಗಾಯಾಳು ಮಾಡಬೇಕಾದದ್ದು ಹೆಚ್ಚೇನಿಲ್ಲ. ಡಾಕ್ಟರಿಗೆ ನಿಜ ಹೇಳಬೇಕು, ದೂರು ಕೊಟ್ಟು ಎಫ್‌ಐಆರ್ ಪ್ರತಿ ಪಡೆಯಬೇಕು, ಬಿಲ್ಲುಗಳನ್ನು ಇಟ್ಟುಕೊಳ್ಳಬೇಕು. ಪರಿಹಾರದ ಅರ್ಜಿಯನ್ನು ಅಪಘಾತ ಆದ ಊರಿನ ನ್ಯಾಯಮಂಡಳಿಯಲ್ಲೇ ಹಾಕಬೇಕೆಂದಿಲ್ಲ, ತಾನು ವಾಸಿಸುವ ಕಡೆಯೂ ಹಾಕಬಹುದು. 1994ರಲ್ಲಿ ತೆಗೆದುಹಾಕಿದ್ದ ಆರು ತಿಂಗಳ ಗಡುವು 2022ರ ಏಪ್ರಿಲ್‌ನಿಂದ ಮತ್ತೆ ಬಂದಿದೆ. ಅದನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋಗಿವೆಯಾದರೂ, ಆ ಭರವಸೆಯ ಮೇಲೆ ಕೂರುವುದು ಬೇಡ. ಗುದ್ದಿದ ವಾಹನ ಸಿಗದೇ ಹೋದರೂ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ರೂಪಾಯಿ ಕೊಡುವ ಯೋಜನೆಯಿದೆ.

ಸಾವಾದಾಗ ಪ್ರಶ್ನೆ ಇನ್ನೂ ಕಠಿಣವಾಗುತ್ತದೆ. ಗಾಯದ ಪ್ರಕರಣದಲ್ಲಿ ಗಾಯಾಳು ಒಪ್ಪಿದರೆ ರಾಜಿಗೆ ನಮ್ಮ ಕಾನೂನಿನಲ್ಲಿ ಅವಕಾಶವಿದೆ. ನಿರ್ಲಕ್ಷ್ಯದಿಂದಾದ ಸಾವಿನಲ್ಲಿ, ಅಂದರೆ ಹಿಂದಿನ 304ಎ, 2024ರ ಜುಲೈನಿಂದ ನ್ಯಾಯ ಸಂಹಿತೆಯ 106ನೆಯ ಕಲಮಿನಲ್ಲಿ, ಆ ಅವಕಾಶವಿಲ್ಲ. ಇಲ್ಲಿ ನಮ್ಮವರು ಕೆಲವರು ದಿಯತ್ ನೆನಪಿಸುತ್ತಾರೆ. ಕುರ್‌ಆನ್ ಅಚಾತುರ್ಯದ ಕೊಲೆಯಲ್ಲಿ ವಾರಸುದಾರರಿಗೆ ಪರಿಹಾರ ಕೊಡಿಸುತ್ತದೆ, ಅದನ್ನು ಬಿಟ್ಟುಕೊಡುವ ಅಧಿಕಾರವನ್ನೂ ಅವರಿಗೇ ಕೊಡುತ್ತದೆ, ಮತ್ತೆ ನೀವು ಯಾಕೆ ಕೋರ್ಟು ಎನ್ನುತ್ತೀರಿ ಎಂದು. ಸರಿಯೇ. ಆದರೆ ಸೂರಃ ನಿಸಾದ ಆ ಆಯತ್ ಅಲ್ಲಿಗೇ ನಿಲ್ಲುವುದಿಲ್ಲ. ವಾರಸುದಾರರು ಬಿಟ್ಟುಕೊಟ್ಟರೂ ಕೊಂದವನ ಮೇಲೆ ಪ್ರಾಯಶ್ಚಿತ್ತ ಉಳಿಯುತ್ತದೆ. ಗುಲಾಮನ ಬಿಡುಗಡೆ, ಅದಾಗದಿದ್ದರೆ ಬಿಡದೆ ಎರಡು ತಿಂಗಳ ಉಪವಾಸ. ವಿಧವೆ ಕೊಟ್ಟ ಮಾಫಿ ಅವಳ ಪಾಲಿನದು ಮಾತ್ರ. ನಾಳೆ ಅದೇ ರಸ್ತೆ ದಾಟುವ ಮಗುವಿನ ಪಾಲಿನ ಮಾಫಿಯನ್ನು ಅವಳು ಹೇಗೆ ಕೊಟ್ಟಾಳು? ನಮ್ಮ ದಂಡಸಂಹಿತೆ ಸಾವಿನ ಪ್ರಕರಣವನ್ನು ಮನೆಯವರ ಕೈಗೆ ಬಿಡದಿರುವುದು ಇದೇ ಕಾರಣಕ್ಕೆ ಎಂದು ನನಗನ್ನಿಸುತ್ತದೆ. ಇನ್ನು, ಕುಡಿದು ಓಡಿಸಿದ ಮಗನ ಬದಲು ಲೈಸೆನ್ಸ್ ಇರುವ ಕೆಲಸದಾಳನ್ನು ಠಾಣೆಯಲ್ಲಿ ನಿಲ್ಲಿಸುವವರೂ ತಾವು ಮಾಡಿದ್ದು ರಾಜಿ ಎಂದೇ ಹೇಳಿಕೊಳ್ಳುತ್ತಾರೆ.

ಮಾಫಿ ಕೊಡುವವನಿಗೆ ತಾನು ಬಿಡುತ್ತಿರುವುದು ಎಷ್ಟೆಂದು ಗೊತ್ತಿರಬೇಕು. ಮನೆವಾರ್ತೆ ನೋಡಿಕೊಳ್ಳುವ ಹೆಂಗಸು ಸತ್ತರೆ "ದುಡಿಯುವ ಜೀವವೇನೂ ಅಲ್ಲವಲ್ಲ" ಎಂದು ಲೆಕ್ಕ ಇಳಿಸುವವರಿದ್ದಾರೆ. ಅವಳ ದುಡಿಮೆಗೂ ಆದಾಯದ ಲೆಕ್ಕ ಕಟ್ಟಲೇಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಸ್ಪಷ್ಟವಾಗಿ ಹೇಳಿದೆ. ಇದು ತಿಳಿಯದ ಗಂಡ ಸಹಿ ಹಾಕಿದರೆ ಅವನು ರಾಜಿಯಾದನೇ?

ರಾಜಿಯೇ ಬೇಡ ಎನ್ನುವವನು ನಾನಲ್ಲ. ಮಧ್ಯಸ್ಥಿಕೆ ವಹಿಸುವ ಹಿರಿಯರಿಗೆ ಲೋಕ ಅದಾಲತ್ ಇದೆ. ಅಲ್ಲಿ ವಿಮಾ ಕಂಪನಿಯ ಅಧಿಕಾರಿಯೂ ಎದುರಿಗೆ ಕೂತಿರುತ್ತಾನೆ, ಡಾಕ್ಟರರ ಕಾಗದ ಮೇಜಿನ ಮೇಲಿರುತ್ತದೆ, ಒಪ್ಪಿದ ಮೊತ್ತಕ್ಕೆ ಕೋರ್ಟಿನ ಡಿಕ್ರಿಯ ಬಲ ಬರುತ್ತದೆ. ಒಪ್ಪಿಗೆಯಾಗದಿದ್ದರೆ ಎದ್ದು ಬರಬಹುದು, ಕೇಸು ಉಳಿದೇ ಇರುತ್ತದೆ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ. ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಬೇಕು.