ಒಂದು ತಂಬಿಗೆ ತಣ್ಣೀರು

ಬೇಸಿಗೆಯಲ್ಲಿ ಡಾಬಕಾ, ಔರಾದ್, ಭಾಲ್ಕಿ ಕಡೆಯ ಮನೆಗಳಿಗೆ ಹೋದವರಿಗೆ ಮಾತಿಗಿಂತ ಮೊದಲು ನೀರು ಸಿಗುತ್ತದೆ. ಬೀದರಿನ ನಾನಕ್ ಝೀರಾದ ಕಥೆಯೂ ನೀರಿನದೇ. ಸಿಹಿನೀರಿಲ್ಲದೆ ಬಳಲುತ್ತಿದ್ದ ಜನರಿಗಾಗಿ ಗುರುನಾನಕರು ಕಲ್ಲು ಸರಿಸಿ ಬುಗ್ಗೆ ಹರಿಸಿದರೆಂದು ಸಿಖ್ ಬಂಧುಗಳು ನಂಬುತ್ತಾರೆ. ಒಂದು ಲೋಟ ತಣ್ಣೀರು ಕೊಟ್ಟವನಿಗೂ ಪ್ರತಿಫಲ ತಪ್ಪದೆಂದು ನಮ್ಮ ಪ್ರಭು ಯೇಸು ಭರವಸೆ ಕೊಟ್ಟಿದ್ದಾರೆ (ಮತ್ತಾಯ 10:42). ಸಣ್ಣ ದಯೆಯನ್ನು ಪ್ರಭು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ ಎಂಬುದರಲ್ಲಿ ಸಂದೇಹವಿಲ್ಲ.

ಆದರೆ ಒಂದು ಪ್ರಶ್ನೆ ಏಳುತ್ತದೆ. ದಯೆ ಹೃದಯದಿಂದ ತಾನಾಗಿ ಉಕ್ಕಬೇಕಲ್ಲವೇ? ಜಪಸರದ ಮಣಿ ಎಣಿಸಿದಂತೆ ದಿನಕ್ಕೊಂದು ದಯೆಯೆಂದು ನೇಮ ಹಿಡಿದರೆ ಅದು ನಾಟಕವಾಗದೇ?

ಸದ್ಗುಣವೆಂದರೆ ಮನಸ್ಸಿನ ಕ್ಷಣಿಕ ಅಲೆಯಲ್ಲ, ರೂಢಿಯಿಂದ ನೆಲೆಗೊಳ್ಳುವ ಗುಣ ಎಂದು ಅರಿಸ್ಟಾಟಲನ ಜಾಡಿನಲ್ಲಿ ಸಂತ ಥಾಮಸ್ ಅಕ್ವಿನಾಸರು ಬೋಧಿಸಿದರು. ಜೋಳದ ರೊಟ್ಟಿ ಬಡಿಯಲು ಕಲಿಯುವ ಹುಡುಗಿಯ ಮೊದಲ ರೊಟ್ಟಿಗಳು ಹರಿಯುತ್ತವೆ. ಬಡಿದು ಬಡಿದು ಕೈ ಪಳಗುತ್ತದೆ. ದಿನಾಲೂ ಬಡಿಯುತ್ತಾಳೆಂದು ತಾಯಿಯ ರೊಟ್ಟಿಯಲ್ಲಿ ಪ್ರೀತಿಯಿಲ್ಲ ಎನ್ನುವವರುಂಟೇ? ಮನೆಯಲ್ಲಿ ಹಿರಿಯರು ಹಾಸಿಗೆ ಹಿಡಿದಾಗ ಮೊದಲ ವಾರ ಎಲ್ಲರಿಗೂ ಕನಿಕರವಿರುತ್ತದೆ. ಮೂರನೆಯ ತಿಂಗಳಿಗೆ ಕನಿಕರ ದಣಿಯುತ್ತದೆ. ಆಗ ನಮ್ಮನ್ನು ನಡೆಸುವುದು ನೇಮವೇ. ಪ್ರೀತಿ ಒಣಗಿದಂತೆ ಕಂಡ ದಿನವೂ ಪ್ರೀತಿಯ ಕೆಲಸ ಮಾಡುವವನೇ ನಿಜವಾಗಿ ಪ್ರೀತಿಸುವವನು.

ಲಿಸಿಯದ ಸಂತ ತೆರೇಸ ಇದಕ್ಕೆ ಸಾಕ್ಷಿ. ನಡೆಯಲಾಗದ, ಸದಾ ಗೊಣಗುವ ವೃದ್ಧ ಕನ್ಯಾಸ್ತ್ರೀಯೊಬ್ಬರನ್ನು ಅವರು ಪ್ರತಿ ಸಂಜೆ ಊಟದ ಕೋಣೆಗೆ ಕರೆದೊಯ್ಯುತ್ತಿದ್ದರು. ಆಕೆಗೆ ರೊಟ್ಟಿ ಕತ್ತರಿಸಲು ಕಷ್ಟವೆಂದು ಗಮನಿಸಿ, ಕೇಳುವ ಮೊದಲೇ ಕತ್ತರಿಸಿ ಕೊಟ್ಟು, ನಸುನಕ್ಕು ಹೋಗುತ್ತಿದ್ದರು. 1897ರಲ್ಲಿ 24ರ ಹರೆಯದಲ್ಲೇ ತೀರಿಕೊಂಡ ಈ ಕನ್ಯೆಯನ್ನು ಸರಿಯಾಗಿ ನೂರು ವರ್ಷಗಳ ನಂತರ, 1997ರಲ್ಲಿ, ಜಗದ್ಗುರು ಎರಡನೆಯ ಜಾನ್ ಪಾಲರು ಧರ್ಮಸಭೆಯ ಪಂಡಿತರ ಸಾಲಿಗೆ ಸೇರಿಸಿದರು.

ಇನ್ನೊಂದು ಎಚ್ಚರವೂ ಬೇಕು. ಆಳಿನ ಕೂಲಿಯಲ್ಲಿ ಮುರಿದುಕೊಂಡು ಒಂದು ಕಪ್ ಚಹಾ ಕೊಟ್ಟರೆ ಅದು ದಯೆಯಲ್ಲ. ನ್ಯಾಯವಾಗಿ ಸಲ್ಲಬೇಕಾದುದನ್ನು ದಾನವೆಂದು ಕೊಡಬಾರದೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲೇ ತಿಳಿಹೇಳಿದೆ. ನೀರಿನ ಮಾತಿಗೂ ಇದು ಸಲ್ಲುತ್ತದೆ. ನಮ್ಮ ನಾಡಿನಲ್ಲಿ ಕೆಲವರಿಗೆ ತಂಬಿಗೆ ಮುಟ್ಟಗೊಡದೆ, ಬೊಗಸೆಗೆ ಮೇಲಿನಿಂದ ನೀರು ಸುರಿಯುತ್ತಿದ್ದರು. ಬಾಯಾರಿಕೆ ತೀರಿತು, ಮಾನ ಹೋಯಿತು. ಪ್ರಭು ಯೇಸು ಸಿಕಾರಿನ ಬಾವಿಯ ಬಳಿ ಏನು ಮಾಡಿದರು ನೋಡಿ. ಯೆಹೂದ್ಯರು ಬಳಕೆ ಇಟ್ಟುಕೊಳ್ಳದ ಸಮಾರಿಯದ ಹೆಂಗಸಿನ ಬಳಿ ತಾವೇ ನೀರು ಬೇಡಿದರು (ಯೊವಾನ್ನ 4). ಕೊಡುವುದು ಮಾತ್ರವಲ್ಲ, ಕೀಳೆಂದು ಎಣಿಸಿದವರ ಕೈಯಿಂದ ಪಡೆಯುವುದೂ ದಯೆಯೇ. ಕೊಡುವಾಗ ನಾವು ಮೇಲೆ ನಿಲ್ಲಬಹುದು. ಪಡೆಯುವಾಗ ಸರಿಸಮ ಕೂರಬೇಕಾಗುತ್ತದೆ.

ಪ್ರಿಯ ಸಹೋದರ ಸಹೋದರಿಯರೇ, ಈ ವಾರ ದಿನಕ್ಕೆ ಒಂದೇ ಒಂದು ಸಣ್ಣ ಕೆಲಸ ಆರಿಸಿಕೊಳ್ಳಿ. ಅತ್ತೆಯ ಅದೇ ಹಳೆಯ ಮಾತನ್ನು ಸಿಡುಕದೆ ಕೇಳುವುದು, ಕೂಲಿಯನ್ನು ಸಂಜೆಗೇ ಎಣಿಸಿ ಕೊಡುವುದು, ಎಂದೂ ಹೊಸಿಲು ದಾಟದ ಮನೆಯಲ್ಲಿ ಕುಳಿತು ಅವರು ಕೊಟ್ಟ ನೀರು ಕುಡಿಯುವುದು, ಯಾವುದಾದರೂ ಸರಿ. ರಾತ್ರಿ ಕುಟುಂಬ ಪ್ರಾರ್ಥನೆಯ ನಂತರ ಎರಡು ನಿಮಿಷ ಆತ್ಮಶೋಧನೆ ಮಾಡಿ: ಇಂದು ಮಾಡಿದೆನೇ? ಯಾರನ್ನು ಬಿಟ್ಟೆ? ತಪ್ಪಿದ್ದರೆ ನಾಳೆ ಮತ್ತೆ ತೊಡಗಿ. ನಮ್ಮ ಕೈಗೆ ಈ ರೂಢಿ ಕೂಡಿಬರುವಂತೆ ಪ್ರಭು ಕೃಪೆ ನೀಡಲಿ.